ಕೂಡುವ ಲೆಕ್ಕದಲ್ಲಿ ಹದಿಮೂರೂವರೆ ಕೋಟಿ

ಡೆಬಿಟ್ಟು ಕ್ರೆಡಿಟ್ಟು ಕಲಿತು ಏನು ಮಾಡುತ್ತೀರಿ ಎಂದು ಸೈನ್ಸ್ ಸೆಕ್ಷನ್ನಿನವರು ನಮ್ಮನ್ನು ಆಗಾಗ ಕೇಳುತ್ತಾರೆ. ಈ ಸಲದ ಸಂಚಿಕೆಗೆ ಕಾಮರ್ಸ್ ವಿಭಾಗದಿಂದ ಒಂದು ಲೇಖನ ಬೇಕು ಎಂದು ಸರ್ ಹೇಳಿದಾಗ ನಾನು ಒಂದು ಕೋರ್ಟ್ ಕೇಸನ್ನೇ ಆರಿಸಿಕೊಂಡೆ. ಅದರಲ್ಲಿ ಒಬ್ಬ ಮುಖ್ಯಮಂತ್ರಿ ಇದ್ದಾರೆ, ಅವರ ಮನೆಯಲ್ಲೇ ವಾಸವಿದ್ದ ಮೂವರು ಇದ್ದಾರೆ, ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳಿವೆ. ಆದರೆ ಇಡೀ ಕೇಸು ನಿಂತಿದ್ದು ನಾವು ದಿನಾ ಮಾಡುವ ಕೂಡುವ, ಕಳೆಯುವ ಲೆಕ್ಕದ ಮೇಲೆ. ತಮಿಳುನಾಡಿನ ಕೇಸಾದರೂ ಅದರ ವಿಚಾರಣೆ ಮುಗಿದಿದ್ದು ನಮ್ಮ ರಾಮನಗರದಿಂದ ಒಂದೂವರೆ ಗಂಟೆ ದೂರದ ಬೆಂಗಳೂರಿನಲ್ಲಿ. ಜಯಲಲಿತಾ ಅವರ ಮೇಲಿದ್ದ ಆದಾಯ ಮೀರಿದ ಆಸ್ತಿಯ ಪ್ರಕರಣ ಅದು. ತೀರ್ಪು ಬಂದಾಗ ನಾವೆಲ್ಲ ಚಿಕ್ಕವರು. ಟಿ.ವಿ.ಯಲ್ಲಿ ಸೀರೆ, ಚಪ್ಪಲಿ, ಚಿನ್ನದ ಲೆಕ್ಕವನ್ನೇ ತೋರಿಸುತ್ತಿದ್ದರು. ಸೀರೆ ಎಷ್ಟು ಎನ್ನುವುದಕ್ಕಿಂತ ಲೆಕ್ಕ ಹೇಗೆ ಹಾಕಿದರು ಎನ್ನುವುದು ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡಿತು.

ಮೊದಲು ಹಿನ್ನೆಲೆ. ಜಯಲಲಿತಾ 1991ರಿಂದ 1996ರವರೆಗೆ ಮೊದಲ ಬಾರಿ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದರು. ಸಂಬಳವಾಗಿ ತಿಂಗಳಿಗೆ ಒಂದೇ ರೂಪಾಯಿ ಸಾಕು ಎಂದು ಹೇಳಿದ್ದರು. 1996ರ ಚುನಾವಣೆಯಲ್ಲಿ ಸೋತರು. ಅದೇ ವರ್ಷ ಜೂನ್‌ನಲ್ಲಿ ಸುಬ್ರಮಣಿಯನ್ ಸ್ವಾಮಿ ಚೆನ್ನೈ ಕೋರ್ಟಿನಲ್ಲಿ ದೂರು ಕೊಟ್ಟರು. ತನಿಖೆ ನಡೆದು 1997ರ ಜೂನ್‌ನಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾಯಿತು. ಆರೋಪಿಗಳು ನಾಲ್ವರು. ಒಂದನೆಯವರು ಜಯಲಲಿತಾ, ಎರಡನೆಯವರು ಅವರ ಗೆಳತಿ ಶಶಿಕಲಾ. ಮೂರನೆಯವರು ಸುಧಾಕರನ್, ಶಶಿಕಲಾ ಅವರ ಅಕ್ಕನ ಮಗ. ಜಯಲಲಿತಾ ಅವರನ್ನು ಸಾಕುಮಗ ಎಂದು ಕರೆದಿದ್ದರು. ನಾಲ್ಕನೆಯವರು ಇಳವರಸಿ, ಶಶಿಕಲಾ ಅವರ ತೀರಿಕೊಂಡಿದ್ದ ಸಹೋದರನ ಹೆಂಡತಿ. ನಾಲ್ವರೂ ಇದ್ದದ್ದು ಪೋಯಸ್ ಗಾರ್ಡನ್‌ನ ಒಂದೇ ಮನೆಯಲ್ಲಿ.

ಕೇಸು ಚೆನ್ನೈಯಲ್ಲೇ ನಡೆಯುತ್ತಿತ್ತು. 2001ರಲ್ಲಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದರು. ಆಮೇಲೆ ಅದಾಗಲೇ ಸಾಕ್ಷಿ ಹೇಳಿದ್ದ 76 ಜನರನ್ನು ಮತ್ತೆ ಕರೆಸಲಾಯಿತು, ಅವರಲ್ಲಿ ಬಹುಪಾಲು ಜನ ಮೊದಲು ಹೇಳಿದ್ದನ್ನು ಬದಲಿಸಿದರು. ಡಿ.ಎಂ.ಕೆ.ಯ ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. ಆರೋಪಿಯೇ ಸರ್ಕಾರ ನಡೆಸುವ ಕಡೆ ನ್ಯಾಯವಾದ ವಿಚಾರಣೆ ಕಷ್ಟ ಎಂದು 2003ರ ನವೆಂಬರ್ 18ರಂದು ಕೋರ್ಟು ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ಅಲ್ಲಿಂದ ಆರೋಪ ಸಾಬೀತು ಮಾಡುವ ಜವಾಬ್ದಾರಿ ಕರ್ನಾಟಕ ಸರ್ಕಾರದ್ದಾಯಿತು. ತಮಿಳಿನಲ್ಲಿದ್ದ ಸಾವಿರಾರು ಪುಟಗಳ ದಾಖಲೆ ಇಂಗ್ಲಿಷಿಗೆ ಅನುವಾದವಾಗಬೇಕಿತ್ತು. ಅದಕ್ಕೇ ಎಷ್ಟೋ ಕಾಲ ಹಿಡಿಯಿತು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಲಂಚ ಕೊಟ್ಟವರು ಯಾರು, ತೆಗೆದುಕೊಂಡದ್ದು ಯಾವಾಗ ಎಂದು ತೋರಿಸುವುದು ಬಹಳ ಕಷ್ಟ. ಇಬ್ಬರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಭ್ರಷ್ಟಾಚಾರ ತಡೆ ಕಾಯ್ದೆ 1988ರ 13ನೇ ಸೆಕ್ಷನ್ನಿನಲ್ಲಿ ಇನ್ನೊಂದು ದಾರಿ ಇತ್ತು. ಸರ್ಕಾರಿ ಹುದ್ದೆಯಲ್ಲಿರುವವರ ಬಳಿ, ಅಥವಾ ಅವರ ಪರವಾಗಿ ಬೇರೆ ಯಾರದೋ ಬಳಿ, ಗೊತ್ತಿರುವ ಆದಾಯಕ್ಕೆ ಹೊಂದದಷ್ಟು ಆಸ್ತಿ ಇದ್ದು, ಅದು ಎಲ್ಲಿಂದ ಬಂತು ಎಂದು ಅವರು ತೃಪ್ತಿಕರವಾಗಿ ವಿವರಿಸದಿದ್ದರೆ ಅದೇ ಅಪರಾಧ. ಲಂಚ ಕೊಟ್ಟವನನ್ನು ಹುಡುಕಬೇಕಾಗಿಲ್ಲ. 'ಅವರ ಪರವಾಗಿ ಬೇರೆ ಯಾರದೋ ಬಳಿ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೆಕ್ಕ ಮಾಡುವ ಕ್ರಮ ನಮ್ಮ ಸಿಂಗಲ್ ಎಂಟ್ರಿ ಪಾಠದ ಹಾಗೆಯೇ ಇದೆ. ಪುಸ್ತಕ ಸರಿಯಾಗಿ ಬರೆದಿಡದ ವ್ಯಾಪಾರಿಯ ಲಾಭ ಹೇಗೆ ಕಂಡುಹಿಡಿಯುತ್ತೇವೆ? ಕೊನೆಯ ಬಂಡವಾಳದಿಂದ ಮೊದಲಿನ ಬಂಡವಾಳ ಕಳೆದು, ಮನೆಗೆ ತೆಗೆದುಕೊಂಡಿದ್ದನ್ನು ಕೂಡಿಸುತ್ತೇವೆ. ಇಲ್ಲೂ ಹಾಗೇ. ಒಂದು ಅವಧಿಯನ್ನು ಗೊತ್ತು ಮಾಡುತ್ತಾರೆ. ಈ ಕೇಸಿನಲ್ಲಿ ಅದು 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗೆ. ಕೊನೆಯ ದಿನ ಇದ್ದ ಆಸ್ತಿಯಿಂದ ಮೊದಲ ದಿನ ಇದ್ದ ಆಸ್ತಿ ಕಳೆಯಬೇಕು. ಅದಕ್ಕೆ ಆ ಅವಧಿಯಲ್ಲಿ ಮಾಡಿದ ಖರ್ಚು ಸೇರಿಸಬೇಕು. ಬಂದದ್ದರಿಂದ ಆದಾಯ ಕಳೆಯಬೇಕು. ಉಳಿದದ್ದೇ ವಿವರಣೆ ಇಲ್ಲದ ಹಣ.

ತನಿಖೆ ಮಾಡಿದವರ ಲೆಕ್ಕ ಹೀಗಿತ್ತು. ಕೊನೆಯ ದಿನದ ಆಸ್ತಿ 66,44,73,573 ರೂಪಾಯಿ, ಮೊದಲ ದಿನದ್ದು 2,01,83,957 ರೂಪಾಯಿ. ಖರ್ಚು 11,56,56,833. ಆದಾಯ 9,34,26,054. ಕಾಗದ ಪೆನ್ನು ತೆಗೆದುಕೊಂಡು ನೀವೇ ಮಾಡಿ ನೋಡಿ, 66,65,20,395 ರೂಪಾಯಿ ಬರುತ್ತದೆ. ಚಾರ್ಜ್‌ಶೀಟ್‌ನಲ್ಲಿ ಇದ್ದದ್ದು ಅದೇ ಅಂಕಿ. ನಾನು ಮಾಡಿದೆ, ಪೈಸೆ ತಪ್ಪದೆ ಹೊಂದಿತು. ಬ್ಯಾಲೆನ್ಸ್ ಶೀಟ್ ಟ್ಯಾಲಿಯಾದಾಗ ಆಗುವ ಖುಷಿ ನಮ್ಮ ಸೆಕ್ಷನ್ನಿನವರಿಗೆ ಗೊತ್ತು.

ಆದರೆ ಈ ಆಸ್ತಿಯೆಲ್ಲ ಜಯಲಲಿತಾ ಹೆಸರಿನಲ್ಲಿ ಇರಲಿಲ್ಲ. ಕೇಸಿನ ಗಟ್ಟಿ ಭಾಗ ಇರುವುದೇ ಇಲ್ಲಿ. ಜಯಾ ಪಬ್ಲಿಕೇಷನ್ಸ್ ಮತ್ತು ಶಶಿ ಎಂಟರ್‌ಪ್ರೈಸಸ್ ಎಂಬ ಎರಡು ಸಂಸ್ಥೆಗಳಲ್ಲಿ ಮಾತ್ರ ಅವರೂ ಶಶಿಕಲಾ ಅವರೂ ಪಾಲುದಾರರು. ಉಳಿದವುಗಳಲ್ಲಿ ಅವರ ಹೆಸರಿಲ್ಲ. ಜೆ ಫಾರ್ಮ್ ಹೌಸಸ್, ಜೆ.ಎಸ್. ಹೌಸಿಂಗ್, ಗ್ರೀನ್ ಫಾರ್ಮ್ ಹೌಸ್, ಸೂಪರ್ ಡೂಪರ್ ಟಿ.ವಿ. ಹೀಗೆ ಹೆಸರುಗಳ ಸಾಲೇ ಇದೆ. ಪಾಲುದಾರರು ಉಳಿದ ಮೂವರು, ಇದರಲ್ಲಿ ಇಬ್ಬರು, ಅದರಲ್ಲಿ ಮೂವರು. ಇನ್ನು ರಿವರ್‌ವೇ ಆಗ್ರೋ, ಮೆಡೋ ಆಗ್ರೋ, ಸಿಗ್ನೋರಾ ಎಂಬ ಕಂಪನಿಗಳ ಹೆಸರಿನಲ್ಲಿ ನೂರಾರು ಎಕರೆ ಜಮೀನು. ಹತ್ತು ಸಂಸ್ಥೆಗಳು ಒಂದೇ ದಿನ ಹುಟ್ಟಿದ್ದವು. ಹಲವಕ್ಕೆ ಪೋಯಸ್ ಗಾರ್ಡನ್ ಮನೆಯೇ ವಿಳಾಸ. ಜಮೀನು, ಕಟ್ಟಡ ಕೊಳ್ಳುವುದನ್ನು ಬಿಟ್ಟರೆ ಬಹುಪಾಲು ಸಂಸ್ಥೆಗಳಿಗೆ ವ್ಯಾಪಾರ ಎನ್ನುವಂಥದ್ದೇ ಇರಲಿಲ್ಲ.

ಆರೋಪಿಗಳ ಉತ್ತರ ಏನು? ಇವು ಬೇರೆ ಬೇರೆ ಸಂಸ್ಥೆಗಳು, ಇವುಗಳ ಆಸ್ತಿಗೂ ಮುಖ್ಯಮಂತ್ರಿಗೂ ಸಂಬಂಧವಿಲ್ಲ ಎಂದು. ಕೇಳಿದರೆ ಸರಿ ಅನ್ನಿಸುತ್ತದೆ. ಬಿಸಿನೆಸ್ ಎಂಟಿಟಿ ಬೇರೆ, ಮಾಲೀಕ ಬೇರೆ ಎಂಬ ಕಾನ್ಸೆಪ್ಟನ್ನು ನಾವು ಮೊದಲ ಪಿ.ಯು.ಸಿ.ಯ ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡಿರುತ್ತೇವೆ. ಕೋರ್ಟು ಪಾಲುದಾರಿಕೆ ಪತ್ರವನ್ನು ನೋಡಿ ಸುಮ್ಮನಾಗಲಿಲ್ಲ, ಬ್ಯಾಂಕ್ ಖಾತೆಗಳನ್ನು ನೋಡಿತು. ಜಯಾ ಪಬ್ಲಿಕೇಷನ್ಸ್, ಶಶಿ ಎಂಟರ್‌ಪ್ರೈಸಸ್ ಖಾತೆಗಳಿಂದ ಈ ಹೊಸ ಸಂಸ್ಥೆಗಳಿಗೆ ಹಣ ಹರಿದಿತ್ತು. ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಜಯಾ ಪಬ್ಲಿಕೇಷನ್ಸ್ ನಡೆಸಲು ಜಯಲಲಿತಾ ಶಶಿಕಲಾ ಅವರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಅಂದರೆ ನನಗೇನೂ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅನುಕೂಲವಾಗುವ ಹಾಗೆ, ಆದರೆ ಆ ಸಂಸ್ಥೆಯ ಹಣ ಎಲ್ಲಿಗೆ ಬೇಕಾದರೂ ಹೋಗುವ ಹಾಗೆ. ರಕ್ತಸಂಬಂಧವಿಲ್ಲದ ಮೂವರನ್ನು ಬರೀ ಕರುಣೆಯಿಂದ ಮನೆಯಲ್ಲಿ ಇಟ್ಟುಕೊಂಡಿರಲಿಲ್ಲ, ಆಸ್ತಿಯನ್ನು ಅವರ ಹೆಸರಿನಲ್ಲಿ ಹಿಡಿದಿಡಲೆಂದೇ ಇಟ್ಟುಕೊಂಡಿದ್ದರು ಎಂಬ ತೀರ್ಮಾನಕ್ಕೆ ಕೊನೆಗೆ ಸುಪ್ರೀಂ ಕೋರ್ಟ್ ಬಂತು.

ಆದಾಯದ ವಿವರಣೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 'ನಮದು ಎಂ.ಜಿ.ಆರ್.' ಪತ್ರಿಕೆಯ ಡೆಪಾಸಿಟ್ ಸ್ಕೀಮ್. ಇದು ಜಯಾ ಪಬ್ಲಿಕೇಷನ್ಸ್ ಹೊರಡಿಸುತ್ತಿದ್ದ ಪಕ್ಷದ ಪತ್ರಿಕೆ. ಓದುಗ 12,000 ರೂಪಾಯಿ ಠೇವಣಿ ಇಟ್ಟರೆ ದಿನಕ್ಕೆ ನಾಲ್ಕು ಪ್ರತಿ, 18,000 ಇಟ್ಟರೆ ಆರು ಪ್ರತಿ. ಠೇವಣಿಗೆ ಬಡ್ಡಿ ಇಲ್ಲ, ಬೇಡವೆಂದಾಗ ವಾಪಸು. ಹೀಗೆ ಸುಮಾರು 14 ಕೋಟಿ ಬಂತು ಎಂದು ಅವರ ವಾದ. ಒಂದು ಮನೆಗೆ ಒಂದೇ ಪೇಪರಿನ ಆರು ಪ್ರತಿ ಯಾಕೆ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡೆ. ತೆರಿಗೆ ರಿಟರ್ನ್‌ನಲ್ಲಿ ಈ ಸ್ಕೀಮ್ ಕಾಣಿಸಿಕೊಂಡಿದ್ದು ಚಾರ್ಜ್‌ಶೀಟ್ ಆದ ಮೇಲೆ. ವಿಚಾರಣಾ ಕೋರ್ಟು ಇದನ್ನು ನಂಬಲಿಲ್ಲ. ಹೈಕೋರ್ಟು ಇದರಲ್ಲಿ 4 ಕೋಟಿ ಒಪ್ಪಿತು. ಕೊನೆಗೆ ಸುಪ್ರೀಂ ಕೋರ್ಟ್ ಹೇಳಿದ್ದು, ತೆರಿಗೆ ಇಲಾಖೆ ರಿಟರ್ನ್ ತೆಗೆದುಕೊಂಡಿತು ಎಂದ ಮಾತ್ರಕ್ಕೆ ಆ ಹಣದ ಮೂಲ ಕಾನೂನುಬದ್ಧ ಎಂದಾಗುವುದಿಲ್ಲ. ತೆರಿಗೆ ಇಲಾಖೆ ಕೇಳುವುದು ಎಷ್ಟು ಬಂತು ಎಂದು, ಈ ಕಾಯ್ದೆ ಕೇಳುವುದು ಹೇಗೆ ಬಂತು ಎಂದು.

ಒಂದೇ ವಸ್ತುವಿಗೆ ಮೂರು ಬೆಲೆ ಬಂದದ್ದೂ ಇದೆ. ಹೈದರಾಬಾದ್ ಬಳಿ ಅವರಿಗೆ ದ್ರಾಕ್ಷಿ ತೋಟವಿತ್ತು. ಐದು ವರ್ಷದ ಬೇಸಾಯದ ಆದಾಯ ತನಿಖೆಯವರ ಪ್ರಕಾರ 5,78,340 ರೂಪಾಯಿ, ವಿಚಾರಣಾ ಕೋರ್ಟಿನ ಪ್ರಕಾರ 10 ಲಕ್ಷ, ಹೈಕೋರ್ಟಿನ ಪ್ರಕಾರ 46,71,600. ಸಾಕುಮಗನ ಮದುವೆ 1995ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ನಡೆಯಿತು, ಇಡೀ ದೇಶವೇ ಮಾತಾಡಿದ ಮದುವೆ. ಅದರ ಖರ್ಚು ತನಿಖೆಯವರ ಪ್ರಕಾರ 6.45 ಕೋಟಿ, ವಿಚಾರಣಾ ಕೋರ್ಟಿನ ಪ್ರಕಾರ 3 ಕೋಟಿ, ಹೈಕೋರ್ಟಿನ ಪ್ರಕಾರ 28.68 ಲಕ್ಷ. ಕಟ್ಟಡಗಳ ವಿಷಯದಲ್ಲೂ ಹೀಗೇ, 27 ಕೋಟಿಗಿಂತ ಹೆಚ್ಚು ಎಂದಿದ್ದದ್ದು ಹೈಕೋರ್ಟಿಗೆ ಬರುವ ಹೊತ್ತಿಗೆ 5.10 ಕೋಟಿಯಾಯಿತು. ಅಂದಾಜು ಮಾಡುವಲ್ಲಿ ಜಾಗ್ರತೆ ಬೇಕು ಎಂದು ವ್ಯಾಲ್ಯುಯೇಷನ್ ಪಾಠದಲ್ಲಿ ಹೇಳಿದಾಗ ನಾವು ಕಿಟಕಿ ಕಡೆ ನೋಡುತ್ತಿರುತ್ತೇವೆ.

2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಧೀಶರಾದ ಜಾನ್ ಮೈಕೆಲ್ ಡಿ'ಕುನ್ಹಾ ತೀರ್ಪು ಕೊಟ್ಟರು. ಆಸ್ತಿ 55.02 ಕೋಟಿ, ಖರ್ಚು 8.49 ಕೋಟಿ, ಆದಾಯ 9.91 ಕೋಟಿ, ವಿವರಣೆ ಇಲ್ಲದ್ದು 53.60 ಕೋಟಿ ಎಂದು ಅವರ ಲೆಕ್ಕ. ಅಂದರೆ ಆದಾಯದ ಐದು ಪಟ್ಟಿಗೂ ಮೇಲೆ. ನಾಲ್ವರಿಗೂ ನಾಲ್ಕು ವರ್ಷ ಜೈಲು. ಜಯಲಲಿತಾ ಅವರಿಗೆ 100 ಕೋಟಿ ದಂಡ, ಉಳಿದವರಿಗೆ ತಲಾ 10 ಕೋಟಿ. ಹುದ್ದೆಯಲ್ಲಿದ್ದ ಮುಖ್ಯಮಂತ್ರಿ ಕೋರ್ಟಿಗೆ ಬಂದವರು ಅಲ್ಲಿಂದಲೇ ಪಕ್ಕದ ಜೈಲಿಗೆ ಹೋದರು. 21 ದಿನದ ಮೇಲೆ ಜಾಮೀನು ಸಿಕ್ಕಿತು.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ನಮ್ಮ ಮಾಮು ರೇಷ್ಮೆ ರೀಲರ್. ಗೂಡು ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ನೂಲು ತೆಗೆಸುತ್ತಾರೆ. ಅವರ ಸಂಸ್ಥೆಯಲ್ಲಿ ನಮ್ಮ ಅಮ್ಮಿಯೂ ಪಾಲುದಾರರು ಎಂದು ನನಗೆ ಗೊತ್ತಾದದ್ದು ಈ ಲೇಖನ ಬರೆಯುವಾಗ. ಪಾರ್ಟ್‌ನರ್‌ಶಿಪ್ ಡೀಡ್ ಹೇಗಿರುತ್ತದೆ ಎಂದು ನೋಡಲು ಮಾಮು ಬಳಿ ಕೇಳಿದೆ, ಅದರಲ್ಲಿ ಅಮ್ಮಿಯ ಸಹಿ ಇತ್ತು. ಏನು ಅಂತ ಸೈನ್ ಮಾಡಿದಿರಿ ಎಂದರೆ ಅಮ್ಮಿ, "ಭಾಯಿ ಸೈನ್ ಕರೋ ಬೋಲೆ, ಕರಿ" ಅಂದರು. ಅಣ್ಣ ಸಹಿ ಮಾಡು ಅಂದರು, ಮಾಡಿದೆ, ಅಷ್ಟೆ. ಮಾಮು ಪ್ರಾಮಾಣಿಕರು, ಅವರ ಹಿಸಾಬಿನ ಪುಸ್ತಕ ನಾನೇ ಭಾನುವಾರಗಳಂದು ಬರೆಯುತ್ತೇನೆ, ಅಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ಇಳವರಸಿಯ ಹೆಸರು ಓದುವಾಗೆಲ್ಲ ನನಗೆ ಆ ಸಹಿ ಕಣ್ಣಿಗೆ ಬರುತ್ತಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಗಡಿ ಹೆಂಡತಿ ಹೆಸರಿನಲ್ಲಿ, ಲೈಸೆನ್ಸ್ ತಂಗಿ ಹೆಸರಿನಲ್ಲಿ, ವ್ಯಾಪಾರ ಮಾಡುವವರು ಬೇರೆ. ಪಾಲುದಾರಿಕೆ ಕಾಯ್ದೆ 1932ರ 25ನೇ ಸೆಕ್ಷನ್ ಪ್ರಕಾರ ಸಂಸ್ಥೆ ಮಾಡಿದ ಪ್ರತಿ ಕೆಲಸಕ್ಕೂ ಪ್ರತಿ ಪಾಲುದಾರರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಸಾಲ ಕೊಟ್ಟವನು ಅಮ್ಮಿಯನ್ನೇ ಪೂರಾ ಹಣ ಕೇಳಬಹುದು.

ಕ್ರಿಮಿನಲ್ ಕೇಸಿನ ವಿಷಯ ಸ್ವಲ್ಪ ಬೇರೆ. ಬರೀ ಹೆಸರಿದ್ದರೆ ಜೈಲಿಲ್ಲ, ಗೊತ್ತಿದ್ದೂ ನೆರವಾಗಿರಬೇಕು. ಸರ್ಕಾರಿ ಹುದ್ದೆ ಇಲ್ಲದವರನ್ನು ಈ ಕಾಯ್ದೆಯಡಿ ಹಿಡಿಯಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1999ರಲ್ಲೇ ಪಿ. ನಲ್ಲಮ್ಮಾಳ್ ಪ್ರಕರಣದಲ್ಲಿ ಉತ್ತರ ಕೊಟ್ಟಿತ್ತು. ಹುದ್ದೆಯಲ್ಲಿರುವವರ ಆಸ್ತಿಯನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ನೆರವಾದವರೂ ಪ್ರಚೋದನೆಯ ಅಪರಾಧಕ್ಕೆ ಗುರಿ. ಶಶಿಕಲಾ, ಸುಧಾಕರನ್, ಇಳವರಸಿ ಮೂವರೂ ಈ ದಾರಿಯಲ್ಲೇ ಶಿಕ್ಷೆಗೆ ಒಳಗಾದರು.

ನನ್ನದೂ ಒಂದು ವಿಷಯ ಇದೆ. ಬರುವ ವರ್ಷ ನನಗೆ 18 ತುಂಬುತ್ತದೆ, ಆಗ ನಿನ್ನನ್ನೂ ಸೇರಿಸಿಕೊಳ್ಳೋಣ ಎಂದು ಮಾಮು ಹೇಳಿದ್ದಾರೆ. ಮೈನರ್‌ಗಳನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು, 18 ಆದ ಮೇಲೆ ಆರು ತಿಂಗಳೊಳಗೆ ಇರುತ್ತೇನೋ ಬಿಡುತ್ತೇನೋ ಎಂದು ಸಾರ್ವಜನಿಕವಾಗಿ ತಿಳಿಸಬೇಕು, ಸುಮ್ಮನಿದ್ದರೆ ಪಾಲುದಾರರಾದಂತೆಯೇ ಎಂದು 30ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಗೆ ನಾಲ್ಕು ಅಂಕದ ಪ್ರಶ್ನೆ ಎಂದು ಓದಿದ್ದೆ. ನಾನು ಮಾಮುಗೆ, ಡೀಡ್ ಪೂರಾ ಓದಿ ಅಮ್ಮಿಗೂ ಓದಿ ಹೇಳಿದ ಮೇಲೆ ಸಹಿ ಎಂದಿದ್ದೇನೆ. ಅವರು ನಕ್ಕು, "ಠೀಕ್ ಹೈ, ವಕೀಲ್ ಸಾಬ್" ಎಂದರು.

ಕೇಸಿಗೆ ವಾಪಸು ಬರೋಣ. ಮೇಲ್ಮನವಿ ಕರ್ನಾಟಕ ಹೈಕೋರ್ಟಿಗೆ ಬಂತು. 2015ರ ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ನಾಲ್ವರನ್ನೂ ಖುಲಾಸೆ ಮಾಡಿದರು. ಅವರ ಲೆಕ್ಕದಲ್ಲಿ ಆಸ್ತಿ 37,59,02,466 ರೂಪಾಯಿ, ಆದಾಯ 34,76,65,654 ರೂಪಾಯಿ. ವ್ಯತ್ಯಾಸ 2,82,36,812. ಆದಾಯದ ಶೇ. 8.12 ಮಾತ್ರ. 1977ರ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದಲ್ಲಿ ವ್ಯತ್ಯಾಸ ಶೇ. 10ಕ್ಕಿಂತ ಕಡಿಮೆ ಇದ್ದುದರಿಂದ ಆರೋಪಿಯನ್ನು ಬಿಟ್ಟಿದ್ದರು. ಅದೇ ಆಧಾರದ ಮೇಲೆ ಇಲ್ಲೂ ಬಿಡುಗಡೆ.

9 ಕೋಟಿ ಇದ್ದ ಆದಾಯ 34 ಕೋಟಿ ಆದದ್ದು ಹೇಗೆ? ದೊಡ್ಡ ಪಾಲು ಬ್ಯಾಂಕ್ ಸಾಲಗಳದ್ದು. ಸಾಲ ಲಯಬಿಲಿಟಿ ಅಲ್ಲವೇ, ಆದಾಯ ಹೇಗಾಯಿತು ಎಂದು ಕಾಮರ್ಸ್‌ನವರು ಕೂಡಲೇ ಕೇಳುತ್ತೀರಿ. ಇಲ್ಲಿ ನೋಡುವುದು ಲಾಭವನ್ನಲ್ಲ, ಆಸ್ತಿ ಕೊಳ್ಳಲು ಹಣ ಎಲ್ಲಿಂದ ಬಂತು ಎಂಬುದನ್ನು. ಬ್ಯಾಂಕಿನಿಂದ ಬಂದದ್ದಾದರೆ ಅದು ವಿವರಣೆ ಇರುವ ಹಣ, ಹಾಗಾಗಿ ಲೆಕ್ಕಕ್ಕೆ ಬರುತ್ತದೆ. ತೀರ್ಪಿನಲ್ಲಿ ಹತ್ತು ಸಾಲಗಳ ಪಟ್ಟಿ ಇದೆ. ಕೆಳಗೆ ಒಟ್ಟು ಮೊತ್ತ 24,17,31,274 ರೂಪಾಯಿ ಎಂದಿದೆ. ತನಿಖೆಯವರು ಅದಾಗಲೇ ಲೆಕ್ಕಕ್ಕೆ ಹಿಡಿದಿದ್ದ 5,99,85,274 ರೂಪಾಯಿ ಕಳೆದು, ಉಳಿದ 18,17,46,000 ರೂಪಾಯಿಯನ್ನು ಆದಾಯಕ್ಕೆ ಸೇರಿಸಲಾಗಿದೆ.

ಆದರೆ ಆ ಹತ್ತು ಅಂಕಿಗಳನ್ನು ಕೂಡಿದರೆ 24 ಕೋಟಿ ಬರುವುದಿಲ್ಲ. ಬರುವುದು 10,67,31,274. ಸರಿಯಾಗಿ ಹದಿಮೂರೂವರೆ ಕೋಟಿ ಹೆಚ್ಚು ಬರೆದಿತ್ತು. ಕರ್ನಾಟಕದ ಪರ ವಾದಿಸಿದ ಬಿ.ವಿ. ಆಚಾರ್ಯ ತೀರ್ಪು ಬಂದ ಕೂಡಲೇ ಇದನ್ನು ಎತ್ತಿ ತೋರಿಸಿದರು. ತಿದ್ದಿ ನೋಡಿದರೆ ಆದಾಯ 21,26,65,654ಕ್ಕೆ ಇಳಿಯುತ್ತದೆ, ವ್ಯತ್ಯಾಸ 16,32,36,812ಕ್ಕೆ ಏರುತ್ತದೆ. ಶೇ. 8 ಇದ್ದದ್ದು ಶೇ. 76 ದಾಟುತ್ತದೆ. ಉಳಿದ ಎಲ್ಲ ಅಂಕಿಗಳನ್ನೂ ಹೈಕೋರ್ಟ್ ಹೇಳಿದ ಹಾಗೆಯೇ ಒಪ್ಪಿಕೊಂಡರೂ, ಮದುವೆ 28 ಲಕ್ಷದ್ದೇ ಎಂದರೂ, ಬಿಡುಗಡೆಗೆ ಆಧಾರ ಉಳಿಯುವುದಿಲ್ಲ. ನಮ್ಮ ಟ್ರಯಲ್ ಬ್ಯಾಲೆನ್ಸ್ ಸೇರದಿದ್ದರೆ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗುತ್ತೇವೆ. ಇಲ್ಲಿ ಆ ವ್ಯತ್ಯಾಸದ ಮೇಲೆ ಒಬ್ಬರು ಮತ್ತೆ ಮುಖ್ಯಮಂತ್ರಿಯಾದರು. 2015ರ ಮೇ 23ರಂದು ಪ್ರಮಾಣವಚನ ಆಯಿತು.

ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿ ಡಿ'ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿದರು. ಶೇ. 10ರ ಮಾತು ಆ ಒಂದು ಕೇಸಿನ ಸಂಗತಿಗೆ ಸೇರಿದ್ದು, ಎಲ್ಲದಕ್ಕೂ ನಿಯಮವಲ್ಲ ಎಂದೂ ಹೇಳಿದರು. ಮರುದಿನ ಶಶಿಕಲಾ ಬೆಂಗಳೂರಿಗೆ ಬಂದು ಶರಣಾದರು. ಅದಕ್ಕೆ ಹತ್ತು ದಿನ ಮುಂಚೆ ತಾನೇ ಅವರನ್ನು ಶಾಸಕಾಂಗ ಪಕ್ಷದ ನಾಯಕಿಯಾಗಿ ಆರಿಸಿದ್ದರು, ಮುಖ್ಯಮಂತ್ರಿಯಾಗಲು ಹೊರಟಿದ್ದರು. 10 ಕೋಟಿ ದಂಡ ಕಟ್ಟಿ 2021ರ ಜನವರಿ 27ರಂದು ಬಿಡುಗಡೆಯಾದರು.

ಜಯಲಲಿತಾ 2016ರ ಡಿಸೆಂಬರ್ 5ರಂದೇ ತೀರಿಕೊಂಡಿದ್ದರು. ಸತ್ತವರ ಮೇಲೆ ಶಿಕ್ಷೆ ಇಲ್ಲ, ಅವರ ಮಟ್ಟಿಗೆ ಕೇಸು ಅಲ್ಲಿಗೆ ಮುಗಿಯಿತು. 100 ಕೋಟಿ ದಂಡವನ್ನಾದರೂ ಅವರ ಆಸ್ತಿಯಿಂದ ವಸೂಲಿ ಮಾಡಲು ಬಿಡಿ ಎಂದು ಕರ್ನಾಟಕ ಮತ್ತೆ ಕೇಳಿತು, ಕೋರ್ಟು ಒಪ್ಪಲಿಲ್ಲ. ಜಪ್ತಿ ಮಾಡಿದ್ದ ಒಡವೆಗಳು ವರ್ಷಗಟ್ಟಲೆ ಬೆಂಗಳೂರಿನ ಖಜಾನೆಯಲ್ಲೇ ಇದ್ದವು. ಕುಟುಂಬದವರು ತಮಗೆ ಬರಬೇಕು ಎಂದು ಹಾಕಿದ ಅರ್ಜಿಯೂ ವಜಾ ಆಯಿತು. 2025ರ ಫೆಬ್ರವರಿಯಲ್ಲಿ 27 ಕಿಲೋಗೂ ಹೆಚ್ಚು ಒಡವೆಗಳನ್ನು ಒಂದೊಂದಾಗಿ ತೂಗಿ, ಪಟ್ಟಿಗೆ ತಾಳೆ ನೋಡಿ, ಜಮೀನಿನ ಕಾಗದಗಳ ಜೊತೆಗೆ ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಿದರು.